ಹವಾಮಾನ ಬದಲಾವಣೆ ಯಾವ ಡಿಪಾರ್ಟ್‌ಮೆಂಟಿನ ಕೆಲಸ?

ಕಳೆದ ಸಂಚಿಕೆಯ ಒಂದು ಪುಟ್ಟ ಟಿಪ್ಪಣಿಯಲ್ಲಿ, ಹವಾಮಾನ ಬದಲಾವಣೆಯ ಮಾತು ವಿಜ್ಞಾನ ವಿಭಾಗದ ಬಾಗಿಲೊಳಗೇ ಉಳಿಯಬಾರದು, ವಿಶ್ವವಿದ್ಯಾಲಯದ ಎಲ್ಲ ವಿಭಾಗದವರೂ ಒಟ್ಟಿಗೆ ಕೂರಬೇಕು ಎಂದು ಬರೆದಿದ್ದೆ. ಪತ್ರಗಳು ಸಿಕ್ಕಾಪಟ್ಟೆ ಬಂದಿವೆ. ಒಪ್ಪಿದವರು ಕಡಿಮೆ, ರೇಗಿದವರು ಜಾಸ್ತಿ. ರೇಗಿದವರ ಪತ್ರಗಳನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಮ್ಮಲ್ಲಿ ಹವಾಮಾನ ಬದಲಾವಣೆ ಬಗ್ಗೆ ಎರಡು ದಿನದ ವಿಚಾರ ಸಂಕಿರಣ ಆಯ್ತು. ಕುರ್ಚಿ ತುಂಬಬೇಕು ಅಂತ ಕನ್ನಡ ವಿಭಾಗದವರನ್ನೆಲ್ಲ ಕರೆದುಕೊಂಡು ಹೋಗಿ ಕೂರಿಸಿದರು. ಪ್ರಾರ್ಥನೆ ನಮ್ಮ ಹುಡುಗಿಯರದ್ದು, ವಂದನಾರ್ಪಣೆ ನಮ್ಮ ಮೇಷ್ಟ್ರದ್ದು. ಮಧ್ಯೆ ಪೂರ್ತಿ ಗ್ರಾಫುಗಳು. ಕನ್ನಡ ಓದುವವರಿಗೆ ಅಲ್ಲಿ ನಿಜವಾಗಿ ಏನಾದರೂ ಕೆಲಸ ಇದೆಯಾ?
(ಎಂ.ಎ. ಕನ್ನಡ ವಿದ್ಯಾರ್ಥಿನಿ, ಊರಿನ ಹೆಸರು ಬೇಡ ಎಂದಿದ್ದಾರೆ)

ಉತ್ತರ: ಇದೆ ಕಣಮ್ಮಾ. ವೇದಿಕೆ ಮೇಲೆ ಕಾಣುವ ಕೆಲಸ ಅಲ್ಲ, ಅದಕ್ಕೇ ಯಾರೂ ನಿಮಗೆ ಹೇಳಿಲ್ಲ.

ನಮ್ಮ ಕಡೆ ಹಳಬ ರೈತರು ಮಳೆಯನ್ನು ಜೂನ್, ಜುಲೈ ಅಂತ ಹೇಳುವುದಿಲ್ಲ. ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಸೂರ್ಯ ಒಂದು ನಕ್ಷತ್ರದಲ್ಲಿರುವ 13–14 ದಿನ ಒಂದು ಮಳೆ. ವರ್ಷಕ್ಕೆ 27. ಭರಣಿ ಏಪ್ರಿಲ್ ಕೊನೆಗೆ ಹುಟ್ಟುತ್ತದೆ, ಆರಿದ್ರಾ ಜೂನ್ 21–22ರ ಹೊತ್ತಿಗೆ, ಮಘೆ ಆಗಸ್ಟ್ ಮಧ್ಯಕ್ಕೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ಮಘೆ ಮಳೆ ಬಂದಷ್ಟು ಮೇಲು, ಮನೆಮಗ ಉಂಡಷ್ಟು ಮೇಲು’. ಈ ಗಾದೆಗಳನ್ನು ಜಾನಪದದ ಪುಸ್ತಕಕ್ಕೆ ಸೇರಿಸಿ, ಐದು ಅಂಕದ ಪ್ರಶ್ನೆ ಮಾಡಿ ಕೈ ತೊಳೆದುಕೊಂಡಿದ್ದೇವೆ. ಅವು ಬಿತ್ತನೆಯ ವೇಳಾಪಟ್ಟಿ. ಯಾವ ಮಳೆಗೆ ಯಾವ ಬೀಜ, ಯಾವ ಮಳೆ ತಪ್ಪಿದರೆ ಯಾವ ಬೆಳೆ ಬಿಟ್ಟು ಯಾವುದಕ್ಕೆ ಹೋಗಬೇಕು ಅನ್ನುವುದೆಲ್ಲ ಅದರಲ್ಲಿದೆ. ಊರಿಂದ ಊರಿಗೆ ಬೇರೆಬೇರೆಯೂ ಹೌದು.

ಈಗ ಒಂದು ಕೆಲಸ ಹೇಳುತ್ತೇನೆ. ನಿಮ್ಮ ತಾಲ್ಲೂಕಿನ ಎಪ್ಪತ್ತು ದಾಟಿದ ರೈತರ ಹತ್ತಿರ, ರೈತ ಹೆಂಗಸರ ಹತ್ತಿರ ಮುಖ್ಯವಾಗಿ (ಬೀಜ ಎತ್ತಿಟ್ಟವರು ಅವರೇ), ಯಾವ ಮಳೆಗೆ ಏನು ಬಿತ್ತುತ್ತಿದ್ದಿರಿ, ಈಗ ಏನು ಬಿತ್ತುತ್ತೀರಿ ಅಂತ ಕೇಳಿ ಬರೆದುಕೊಳ್ಳಿ. ಅದೇ ತಾಲ್ಲೂಕಿನ ದಿನದಿನದ ಮಳೆಯ ಲೆಕ್ಕ ಹವಾಮಾನ ಇಲಾಖೆಯಲ್ಲಿ ಇರುತ್ತದೆ. ಆ ಇಲಾಖೆ ಶುರುವಾಗಿದ್ದೇ 1875ರಲ್ಲಿ. ಸಂಖ್ಯಾಶಾಸ್ತ್ರ ವಿಭಾಗದ ಒಬ್ಬ ಹುಡುಗನನ್ನು ಹಿಡಿದುಕೊಂಡು, ಆ ಲೆಕ್ಕವನ್ನು ಹನ್ನೆರಡು ತಿಂಗಳಿಗೆ ಹಂಚುವ ಬದಲು 27 ಮಳೆಗೆ ಹಂಚಿಸಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಾದೆ ಹೇಳಿದ್ದಕ್ಕೂ ಈಗ ಬೀಳುವ ಮಳೆಗೂ ತಾಳೆ ಆದರೂ ಸುದ್ದಿ, ಆಗದಿದ್ದರೂ ಸುದ್ದಿ. ಗ್ರಾಫ್ ಹಾಕುವವನಿಗೆ ಆರಿದ್ರಾ ಯಾಕೆ ಮುಖ್ಯ ಅಂತ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ.

ಒಂದೇ ಎಚ್ಚರಿಕೆ. ‘ನಮ್ಮ ಕಾಲದಲ್ಲಿ ಮಳೆ ಕರೆಕ್ಟಾಗಿ ಬರ್ತಿತ್ತು’ ಅನ್ನುವ ಮಾತು ಪ್ರತಿ ಮನೆಯಲ್ಲೂ ಸಿಗುತ್ತದೆ. ಅದನ್ನು ಹಾಗೇ ನಂಬಬೇಡಿ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯ ಸುಮಾರು ಐದರಲ್ಲಿ ಒಂದು ಪಾಲು ಜನ ಸತ್ತರು. ಹಳೇ ಕಾಲದ ಮಳೆಯೂ ಕೈಕೊಡುತ್ತಿತ್ತು. ನೆನಪು ಎಲ್ಲಿ ಸರಿ, ಎಲ್ಲಿ ಸಿಹಿ ಲೇಪ ಅಂತ ಬಿಡಿಸಿ ಹೇಳುವುದೂ ಸಾಹಿತ್ಯ ಓದಿದವರ ಕೆಲಸವೇ ಅಲ್ವಾ?

ಪ್ರಶ್ನೆ: ಇದೆಲ್ಲ ವಿಜ್ಞಾನಿಗಳ ವಿಷಯ. ಅರ್ಥಶಾಸ್ತ್ರ, ಸಮಾಜಶಾಸ್ತ್ರದವರು ಬಂದು ಗಲಾಟೆ ಜಾಸ್ತಿ ಮಾಡುತ್ತಾರೆ, ಅಷ್ಟೇ.
(ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು, ಮೈಸೂರು)

ಉತ್ತರ: ಗಲಾಟೆ ಮಾಡುತ್ತಾರೆ, ಒಪ್ಪಿದೆ. ಆದರೆ ಸರ್, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ 1896ರಲ್ಲೇ ಲೆಕ್ಕ ಹಾಕಿದ ಸ್ವಾಂಟೆ ಅರೇನಿಯಸ್ ರಸಾಯನಶಾಸ್ತ್ರಕ್ಕೆ ನೊಬೆಲ್ ಪಡೆದವರು. 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ವಿಲಿಯಂ ನೋರ್ಡ್‌ಹಾಸ್ ಅವರಿಗೆ ಬಂದಿದ್ದು ಹವಾಮಾನದ ಲೆಕ್ಕವನ್ನು ಆರ್ಥಿಕ ಲೆಕ್ಕದೊಳಗೆ ತಂದಿದ್ದಕ್ಕೆ. ಮೂರು ವರ್ಷ ಬಿಟ್ಟು ಭೌತಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಭಾಗ ಮನಾಬೆ ಮತ್ತು ಹಾಸೆಲ್‌ಮನ್ ಅವರಿಗೆ, ಹವಾಮಾನದ ಮಾದರಿ ಕಟ್ಟಿದ್ದಕ್ಕೆ. 1988ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯಲ್ಲೂ ಮೂರು ತಂಡಗಳಿವೆ. ನಿಮ್ಮ ಭೌತಶಾಸ್ತ್ರ ಮೊದಲನೇ ತಂಡದಲ್ಲಿದೆ. ಎರಡನೆಯದು ಯಾರಿಗೆ ಪೆಟ್ಟು ಬೀಳುತ್ತದೆ ಅಂತ ನೋಡುತ್ತದೆ, ಮೂರನೆಯದು ಏನು ಮಾಡಬಹುದು ಅಂತ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು ಅಂತ ನೀವು ಹೇಳುತ್ತೀರಿ. ಆ ನೀರು ಒಂದೇ ರಾತ್ರಿ ಸುರಿದಾಗ ಯಾರ ಮನೆಗೆ ನುಗ್ಗುತ್ತದೆ ಅನ್ನುವುದಕ್ಕೆ ನಿಮ್ಮ ಸಮೀಕರಣದಲ್ಲಿ ಜಾಗ ಇಲ್ಲ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಎಲ್ಲ ವಿಭಾಗ ಸೇರಿಸಿ ಒಂದು ಹವಾಮಾನ ವೇದಿಕೆ ಮಾಡಿದೆವು. ಮೊದಲ ಸಭೆಗೆ ಹಾಲ್ ತುಂಬಿತ್ತು. ಮೂರನೇ ಸಭೆಗೆ ಬೆರಳೆಣಿಕೆ ಜನ. ಪ್ರತಿಯೊಬ್ಬರೂ ತಮ್ಮ ಪಿಪಿಟಿ ತೋರಿಸಿ ಹೊರಟುಬಿಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಬೇಕಾಗಿಲ್ಲ. ಇದನ್ನು ಉಳಿಸಿಕೊಳ್ಳುವುದು ಹೇಗೆ?
(ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು, ಉತ್ತರ ಕರ್ನಾಟಕ)

ಉತ್ತರ: ಬೋರ್ಡಿನ ಮೇಲೆ ‘ಹವಾಮಾನ ಬದಲಾವಣೆ’ ಅಂತ ಬರೆದಿದ್ದೇ ಎಡವಟ್ಟು ಅಂತ ನನ್ನ ಅನುಮಾನ. ಅಷ್ಟು ದೊಡ್ಡ ವಿಷಯ ಕೊಟ್ಟರೆ ಎಲ್ಲರೂ ತಮ್ಮ ಹಳೇ ಪಿಪಿಟಿಗೆ ಹೊಸ ಮೊದಲ ಸ್ಲೈಡ್ ಅಂಟಿಸಿಕೊಂಡು ಬರುತ್ತಾರೆ. ಕರಗುವ ಹಿಮ, ಹಿಮಕರಡಿ, ಆಮೇಲೆ ತಮ್ಮ ಪಿಎಚ್‌ಡಿ. ವಿಷಯ ಬಿಡಿ, ಒಂದು ತಾಲ್ಲೂಕು ಇಟ್ಟುಕೊಳ್ಳಿ.

ಪಾವಗಡ ನೋಡಿ. ತುಮಕೂರು ಜಿಲ್ಲೆಯದು, ಆದರೆ ಬಹುಪಾಲು ಗಡಿ ಆಂಧ್ರದ ಜೊತೆ. ಮಳೆ ಕಡಿಮೆ, ಕೊಳವೆಬಾವಿ ನೀರಲ್ಲಿ ಫ್ಲೋರೈಡ್, ಕೆಂಪು ಮಣ್ಣಿನ ಹೊಲದಲ್ಲಿ ಮಳೆ ನಂಬಿದ ಕಡಲೆಕಾಯಿ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಗೊತ್ತಲ್ಲ, 2025ರ ಜುಲೈನಲ್ಲಿ ತೀರಿಕೊಂಡರು. ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತ ಓದಿ, ಜೀವನವಿಡೀ ಮಾನ್ಸೂನ್ ಹಿಂದೆ ಬಿದ್ದವರು. ಮಾನ್ಸೂನ್ ಓದುವವರಿಗೆ ಸಾಗರ, ಮೋಡ, ಉಪಗ್ರಹ ಸಾಕಿತ್ತು. ಅವರು ಮತ್ತು ಅವರ ಜೊತೆಗಾರರು ಪಾವಗಡದ ಕಡಲೆಕಾಯಿ ಬೆಳೆಗಾರರ ಹತ್ತಿರ ಹೋದರು. ರೈತರಿಗೆ ಬೇಕಿದ್ದಿದ್ದು ಈ ಸಲ ದೇಶಕ್ಕೆ ಶೇಕಡಾ ಎಷ್ಟು ಮಳೆ ಅನ್ನುವ ಸುದ್ದಿಯಲ್ಲ. ಯಾವ ವಾರ ಬಿತ್ತಬೇಕು ಅನ್ನುವುದು.

ಸುಮ್ನೆ ಕೇಳಲು ಸಣ್ಣ ಪ್ರಶ್ನೆ. ಒಳಗೆ ಹೊಕ್ಕರೆ ಎಷ್ಟು ವಿಭಾಗ ಬೇಕು ನೋಡಿ. ಕಡಲೆಕಾಯಿ ಗಿಡದಲ್ಲಿ ಹೂವು ಬಿಟ್ಟ ಮೇಲೆ ಸೂಜಿಯಂಥ ತೊಟ್ಟು ಕೆಳಗೆ ಬಾಗಿ ಮಣ್ಣಿಗೆ ಇಳಿಯುತ್ತದೆ, ಕಾಯಿ ಕಟ್ಟುವುದು ಅಲ್ಲಿ, ನೆಲದೊಳಗೆ. ಆ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಗಟ್ಟಿಯಾಗಿದ್ದರೆ ಸೂಜಿ ಒಳಗೇ ಇಳಿಯುವುದಿಲ್ಲ. ಇದು ಬೇಸಾಯಶಾಸ್ತ್ರ. ಒಣ ಹವೆ ಉದ್ದಕ್ಕೆ ಹೋದರೆ ಸುರುಳಿ ಪೂಚಿ ಎಲೆ ಮಡಚಿಕೊಂಡು ಕೂರುತ್ತದೆ, ಜೋರು ಮಳೆ ಬಂದರೆ ತಗ್ಗುತ್ತದೆ, ಇದು ಕೀಟಶಾಸ್ತ್ರ. ಬಿತ್ತನೆಯನ್ನು ಎರಡು ವಾರ ಮುಂದೆ ಹಾಕಿದರೆ ಯಾವ ವರ್ಷ ಲಾಭ, ಯಾವ ವರ್ಷ ಲುಕ್ಸಾನು ಅಂತ ದಶಕಗಳ ಮಳೆ ಲೆಕ್ಕವನ್ನು ಬೆಳೆ ಮಾದರಿಗೆ ಹಾಕಿ ನೋಡುವುದು ಗಣಿತ. ಬೀಜದ ಸಾಲ ಯಾವಾಗ ಸಿಗುತ್ತದೆ, ಎತ್ತು ಯಾರ ಹತ್ತಿರ ಇದೆ, ಬಾಡಿಗೆ ಟ್ರ್ಯಾಕ್ಟರ್ ಯಾವತ್ತು ಬರುತ್ತದೆ ಅನ್ನುವುದು ಬೇರೆಯೇ ಶಾಸ್ತ್ರ, ಮತ್ತು ಕೊನೆಗೆ ಬಿತ್ತನೆಯ ದಿನ ನಿರ್ಧಾರ ಆಗುವುದು ಬಹಳ ಸಲ ಅದರಿಂದಲೇ. ಪ್ರಶ್ನೆ ಒಂದೇ ಆಗಿದ್ದರಿಂದ ಎಲ್ಲರೂ ಕೂರಬೇಕಾಯಿತು. ಕೂರಿ ಅಂತ ಸುತ್ತೋಲೆ ಹೊರಡಿಸಬೇಕಾಗಿರಲಿಲ್ಲ.

ಅದೇ ಪಾವಗಡ, ಇನ್ನೊಂದು ಪ್ರಶ್ನೆ. ತಿರುಮಣಿ ಸುತ್ತಮುತ್ತಲ ಐದು ಊರುಗಳಲ್ಲಿ 13,000 ಎಕರೆ ಮೇಲೆ ಸೋಲಾರ್ ಪಾರ್ಕ್ ಬಂತು. 2,050 ಮೆಗಾವ್ಯಾಟ್. 2019ರ ಕೊನೆಗೆ ಪೂರ್ತಿ ಚಾಲೂ ಆಯಿತು. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಎಲೆಕ್ಟ್ರಿಕಲ್‌ನವರು ಇದನ್ನು ನೋಡಿದರೆ ಖುಷಿ ಪಡುತ್ತಾರೆ, ಪಡಬೇಕಾದ್ದೇ. ಬರದ ಸೀಮೆಯಲ್ಲಿ ವರ್ಷಕ್ಕೊಮ್ಮೆ ಖಚಿತವಾಗಿ ಕೈಗೆ ಬರುವ ದುಡ್ಡು ಅಂದರೆ ಸಣ್ಣ ಮಾತಲ್ಲ ಅಂತ ಅರ್ಥಶಾಸ್ತ್ರದವರೂ ಹೇಳುತ್ತಾರೆ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ ಹೆಸರಲ್ಲಿ ಪಹಣಿ ಇಲ್ಲ. ಗುತ್ತಿಗೆ ದುಡ್ಡೂ ಇಲ್ಲ. ಕುರಿ ಮೇಯಿಸುತ್ತಿದ್ದವರಿಗೆ ದಾರಿಯಲ್ಲಿ ಬೇಲಿ. ಇದನ್ನು ಸಮಾಜಶಾಸ್ತ್ರದವರು ಹೇಳದಿದ್ದರೆ ಮೆಗಾವ್ಯಾಟಿನ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಗುತ್ತಿಗೆ ಮುಗಿದ ಮೇಲೆ ಆ ನೆಲ ಹೇಗಿರುತ್ತದೆ? ಬದು ಹೋಗಿದೆ, ಗಡಿ ಕಲ್ಲು ಹೋಗಿದೆ, ಯಾರ ಹೊಲ ಎಲ್ಲಿತ್ತು? ಅದಕ್ಕೆ ಮಣ್ಣು ವಿಜ್ಞಾನದವರೂ ಬೇಕು, ಸರ್ವೆಯವರೂ ಬೇಕು, ವಕೀಲರೂ ಬೇಕು.

ಹೀಗೆ ಒಂದು ಜಾಗ ಹಿಡಿದುಕೊಂಡರೆ ಜಗಳ ಶುರುವಾಗುತ್ತದೆ. ಜಗಳ ಶುರುವಾದರೆ ನಾಲ್ಕನೇ ಸಭೆಗೂ ಜನ ಬರುತ್ತಾರೆ.

ನಡೆಸುವ ರೀತಿ ಬಗ್ಗೆ ಎರಡು ಮಾತು. ಮೊದಲು ಮಾತಾಡುವವರು ಆ ಊರಿನವರಾಗಲಿ, ಪ್ರಾಧ್ಯಾಪಕರು ಆಮೇಲೆ. ಪಿಪಿಟಿ ಬೇಡವೇ ಬೇಡ. ಬಂದ ಪ್ರತಿ ವಿಭಾಗಕ್ಕೂ ಒಂದು ಷರತ್ತು ಹಾಕಿ: ನಿಮಗೆ ಗೊತ್ತಿರುವುದನ್ನು ಹೇಳುವ ಮೊದಲು, ಪಕ್ಕದ ವಿಭಾಗದಿಂದ ನಿಮಗೆ ಗೊತ್ತಾಗಬೇಕಾದ ಒಂದು ವಿಷಯ ಕೇಳಿ. ಸಿವಿಲ್‌ನವರು ಇತಿಹಾಸದವರನ್ನು ಕೇಳಲಿ, ಈ ಕೆರೆಗೆ ನೀರು ಹಂಚುವ ನೀರುಗಂಟಿ ಇದ್ದಾಗ ಯಾರ ಗದ್ದೆಗೆ ಮೊದಲು ನೀರು ಬಿಡುತ್ತಿದ್ದರು ಅಂತ. ಇತಿಹಾಸದವರು ಸಿವಿಲ್‌ನವರನ್ನು ಕೇಳಲಿ, ಕೋಡಿ ಎತ್ತರಿಸಿದರೆ ಹಿನ್ನೀರು ಎಲ್ಲಿಯವರೆಗೆ ಹೋಗುತ್ತದೆ ಅಂತ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಕಾರಣ ಒಂದಿದೆ. ಬಡ್ತಿ. ನಮ್ಮ ಪದ್ಧತಿಯಲ್ಲಿ ನಿಮ್ಮದೇ ವಿಷಯದ ಜರ್ನಲ್‌ನಲ್ಲಿ ನಿಮ್ಮ ಹೆಸರೇ ಮುಂದಿರುವ ಪ್ರಬಂಧಕ್ಕೆ ಅಂಕ ಜಾಸ್ತಿ. ಆರು ಜನ, ಆರು ವಿಭಾಗ ಸೇರಿ ಎರಡು ವರ್ಷ ಮಣ್ಣು ಹೊತ್ತು ಬರೆದ ವರದಿಗೆ ಅಂಕ ಚೂರುಚೂರು. ಮನೆ ಸಾಲ ಇರುವ ಅಸಿಸ್ಟೆಂಟ್ ಪ್ರೊಫೆಸರ್ ಯಾವುದನ್ನು ಆರಿಸಿಕೊಳ್ಳಬೇಕು ಹೇಳಿ? ಹಾಗಾಗಿ ಪ್ರಿನ್ಸಿಪಾಲರ ಹತ್ತಿರ ಹೋಗುವಾಗ ಭಾಷಣ ಒಯ್ಯಬೇಡಿ. ಈ ಕೆಲಸಕ್ಕೆ ವಾರಕ್ಕೆ ಇಂತಿಷ್ಟು ಗಂಟೆಯ ವರ್ಕ್‌ಲೋಡ್ ಕೊಡಿ, ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಅಂಕ ಕೊಡಿ ಅಂತ ಅರ್ಜಿ ಒಯ್ಯಿರಿ. ಅದು ಸಿಗದಿದ್ದರೆ ವೇದಿಕೆ ನಿಲ್ಲುವುದಿಲ್ಲ, ಎಷ್ಟೇ ಉತ್ಸಾಹ ಇದ್ದರೂ.

ಪ್ರಶ್ನೆ: ಈ ‘ಎಲ್ಲ ವಿಭಾಗ ಸೇರಿ’ ಅನ್ನುವುದು ಅಮೆರಿಕದಿಂದ ಬಂದ ಹೊಸ ಫ್ಯಾಷನ್ ಅಲ್ಲವೇ?
(ಓದುಗರು, ಕುಣಿಗಲ್)

ಉತ್ತರ: ಅರ್ಧ ಹೌದು. ಮಿಶಿಗನ್ ವಿಶ್ವವಿದ್ಯಾಲಯದ ಮೇಷ್ಟ್ರುಗಳು 1965ರ ಮಾರ್ಚ್‌ನಲ್ಲಿ ವಿಯೆಟ್ನಾಂ ಯುದ್ಧದ ಬಗ್ಗೆ ರಾತ್ರಿಯಿಡೀ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಿದರು. ಅದಕ್ಕೆ ‘ಟೀಚ್-ಇನ್’ ಅಂತ ಹೆಸರು ಬಿತ್ತು. ಸೆನೆಟರ್ ಗೇಲಾರ್ಡ್ ನೆಲ್ಸನ್ ಅದೇ ಮಾದರಿಯನ್ನು ಪರಿಸರಕ್ಕೆ ತಂದರು, 1970ರ ಏಪ್ರಿಲ್ 22ರ ಮೊದಲ ಭೂಮಿ ದಿನ ಹುಟ್ಟಿದ್ದು ಹಾಗೆ. ಈಚೆಗೆ ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜು ಹವಾಮಾನದ ಬಗ್ಗೆ ಜಗತ್ತಿನಾದ್ಯಂತ ಕಾಲೇಜುಗಳಲ್ಲಿ ಇಂಥ ಟೀಚ್-ಇನ್ ನಡೆಸುತ್ತಿದೆ. ಸಂಗೀತದವರು, ಗಣಿತದವರು, ಧರ್ಮಶಾಸ್ತ್ರದವರು ಎಲ್ಲ ಬಂದು ತಮ್ಮ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳಬೇಕು. ಸ್ಟ್ಯಾನ್‌ಫರ್ಡ್ 2022ರಲ್ಲಿ ಇದಕ್ಕಾಗಿ ಇಡೀ ಒಂದು ಅಧ್ಯಯನ ಶಾಲೆಯನ್ನೇ ತೆರೆಯಿತು, ಒಬ್ಬ ಹೂಡಿಕೆದಾರ ದಂಪತಿ ಕೊಟ್ಟ 110 ಕೋಟಿ ಡಾಲರ್ ದೇಣಿಗೆಯಿಂದ. ದುಡ್ಡಿದ್ದರೆ ಎಲ್ಲ ಆಗುತ್ತದೆ ಬಿಡಿ.

ಆದರೆ ಕುಣಿಗಲ್‌ನಿಂದ ಈ ಪ್ರಶ್ನೆ ಬರಬಾರದಿತ್ತು! ನಿಮ್ಮ ತಾಲ್ಲೂಕಿನ ಉಂಗ್ರ, ಪುರ ಊರುಗಳ ಹೆಸರು ಇಂಧನ ಓದುವವರಿಗೆಲ್ಲ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅನ್ನುವ ವಿದ್ಯುತ್-ರಸಾಯನಶಾಸ್ತ್ರಜ್ಞರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಸೌದೆ ಉಳಿಸುವ ಅಸ್ತ್ರ ಒಲೆ ಬಂದಿದ್ದು ಅಲ್ಲಿಂದಲೇ. ಉಂಗ್ರದಲ್ಲಿ ಅವರದೊಂದು ಹಳ್ಳಿ ಕೇಂದ್ರ ಇತ್ತು. ಹಳ್ಳಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಇಂಧನ ಹೋಗುತ್ತದೆ, ಸೌದೆ ತರುವುದಕ್ಕೆ, ನೀರು ಹೊರುವುದಕ್ಕೆ ಹೆಂಗಸರು ಮಕ್ಕಳು ಎಷ್ಟು ಹೊತ್ತು ನಡೆಯುತ್ತಾರೆ ಅಂತ ಮನೆಮನೆ ಲೆಕ್ಕ ತೆಗೆದರು.

ಪುರದಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಮಾಡಿದರು. ಅಡುಗೆಗೆ ಗ್ಯಾಸ್ ಕೊಡೋಣ ಅನ್ನುವುದು ಎಂಜಿನಿಯರುಗಳ ಯೋಚನೆ. ಸಗಣಿ ಸಾಲಲಿಲ್ಲ, ಗ್ಯಾಸ್ ಎಲ್ಲ ಮನೆ ಒಲೆಗೆ ಮುಟ್ಟಲಿಲ್ಲ. ಊರಿನವರಿಗೆ ಅದಕ್ಕಿಂತ ಮೊದಲು ಬೇಕಿದ್ದಿದ್ದು ಕುಡಿಯುವ ನೀರು. ಕೊನೆಗೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ಮಾಡಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. 1987ರಿಂದ ಅದು ವರ್ಷಗಟ್ಟಲೆ ನಡೆಯಿತು. ಸಗಣಿ ತಂದು ಹಾಕಿದ ಮನೆಯವರಿಗೆ ತೂಕದ ಮೇಲೆ ಕಾಸು, ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ವಾಪಸ್ ತಿಪ್ಪೆಗೆ. ಆಗ ಅದನ್ನು ಯಾರೂ ಹವಾಮಾನದ ಕೆಲಸ ಅಂತ ಕರೆಯಲಿಲ್ಲ. ಆದರೆ ವಿಜ್ಞಾನಿಗಳು ಲ್ಯಾಬ್ ಬಿಟ್ಟು ಹಳ್ಳಿಯವರ ಮಾತಿಗೆ ತಮ್ಮ ಯೋಜನೆ ಬದಲಿಸಿಕೊಂಡಿದ್ದು ನಿಮ್ಮ ಪಕ್ಕದಲ್ಲೇ.

ಇನ್ನೂ ಹಿಂದಕ್ಕೆ ಹೋಗಬೇಕೇ? ವಿಜಯನಗರದ ಕಾಲದಲ್ಲಿ, 1369ರ ಪೋರುಮಾಮಿಳ್ಳ ಕೆರೆಯ ಶಾಸನ ಇದೆ, ಈಗಿನ ಕಡಪ ಜಿಲ್ಲೆಯಲ್ಲಿ. ಒಳ್ಳೇ ಕೆರೆಗೆ ಹನ್ನೆರಡು ಅಂಗ ಅಂತ ಅದು ಪಟ್ಟಿ ಕೊಡುತ್ತದೆ. ಧರ್ಮಿಷ್ಠ ರಾಜ, ಜಲಶಾಸ್ತ್ರ ಬಲ್ಲವನು, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಪಳಗಿದ ಕೆಲಸಗಾರರು, ಹೀಗೆ. ಆಡಳಿತ, ಭೂವಿಜ್ಞಾನ, ಎಂಜಿನಿಯರಿಂಗ್ ಮೂರೂ ಒಂದೇ ಕಲ್ಲಿನ ಮೇಲೆ.

ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ. ಹವಾಮಾನ ಬದಲಾವಣೆಯಲ್ಲಿ ವಕೀಲರಿಗೆ ಏನು ಕೆಲಸ? ದಂಡ ಹಾಕುವುದು ಬಿಟ್ಟು.
(ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ನಿಮ್ಮ ಜಿಲ್ಲೆಯ ಹಕ್ಕಿಯಿಂದಲೇ ಶುರು ಮಾಡೋಣ. ಸಿರುಗುಪ್ಪ ಕಡೆಯ ಎರೆ ಹೊಲಗಳಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್). ಈ ಹಕ್ಕಿಗೆ ದೊಡ್ಡ ನೆಲೆ ಇರುವುದು ರಾಜಸ್ಥಾನದಲ್ಲಿ. ಅಲ್ಲಿ ಬಿಸಿಲೂ ಗಾಳಿಯೂ ಧಾರಾಳ, ಸೋಲಾರ್, ಪವನ ವಿದ್ಯುತ್ತೂ ಅಲ್ಲೇ. ಹಕ್ಕಿ ಭಾರ, ಕಣ್ಣು ತಲೆಯ ಪಕ್ಕಕ್ಕೆ, ಎದುರಿಗಿರುವ ತಂತಿ ಸರಿಯಾಗಿ ಕಾಣುವುದಿಲ್ಲ. ಹಾರಿ ಬಂದು ತಂತಿಗೆ ಬಡಿದು ಸಾಯುತ್ತದೆ. ಸುಪ್ರೀಂ ಕೋರ್ಟ್ 2021ರಲ್ಲಿ, ಸುಮಾರು 99,000 ಚದರ ಕಿಲೋಮೀಟರ್ ಜಾಗದಲ್ಲಿ ಎತ್ತರದ ತಂತಿ ಎಳೆಯುವುದಕ್ಕೆ ಕಡಿವಾಣ ಹಾಕಿ, ಆಗುವ ಕಡೆ ನೆಲದೊಳಗೆ ಹಾಕಿ ಎಂದಿತು. ಸರ್ಕಾರ ಮತ್ತೆ ಕೋರ್ಟಿಗೆ ಹೋಯಿತು: ಹೈವೋಲ್ಟೇಜ್ ಲೈನನ್ನು ಅಷ್ಟು ದೂರ ನೆಲದೊಳಗೆ ಒಯ್ಯಲು ಆಗುವುದಿಲ್ಲ, ಕಲ್ಲಿದ್ದಲು ಬಿಡಬೇಕಾದರೆ ಈ ಸೋಲಾರ್ ಬೇಕು ಅಂತ.

2024ರ ಮಾರ್ಚ್ 21ರ ತೀರ್ಪಿನಲ್ಲಿ ಕೋರ್ಟ್ ತನ್ನ ಹಿಂದಿನ ಆದೇಶ ಬದಲಿಸಿ ತಜ್ಞರ ಸಮಿತಿ ಮಾಡಿತು. ಅದೇ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳೊಳಗೆ ಇದೆ ಎಂದು ಹೇಳಿತು. ‘ಎಂ.ಕೆ. ರಂಜಿತ್‌ಸಿನ್ಹ್’ ಪ್ರಕರಣ, ಹುಡುಕಿ ಓದಿ. ಓದುವಾಗ ಗಮನಿಸಿ, ಆ ಹಕ್ಕನ್ನು ಒಪ್ಪಿಕೊಂಡ ಉಸಿರಲ್ಲೇ ಹಕ್ಕಿಯ ರಕ್ಷಣೆ ಸ್ವಲ್ಪ ಸಡಿಲ ಆಯಿತು. ಯಾರು ಗೆದ್ದರು ಅಂತ ನನಗಂತೂ ಸಲೀಸಾಗಿ ಹೇಳಲು ಆಗುವುದಿಲ್ಲ. ಹಕ್ಕಿಯ ಕಣ್ಣಿನ ರಚನೆ, ಕೇಬಲ್ಲಿನ ವಿದ್ಯುತ್ ನಷ್ಟ, ಪ್ಯಾರಿಸ್ ಒಪ್ಪಂದ, ಮೂಲಭೂತ ಹಕ್ಕು, ನಾಲ್ಕೂ ಒಂದೇ ಫೈಲಿನಲ್ಲಿ. ನಿಮ್ಮ ಅಣಕು ನ್ಯಾಯಾಲಯಕ್ಕೆ ಇದಕ್ಕಿಂತ ಒಳ್ಳೇ ಕೇಸ್ ಸಿಗುವುದಿಲ್ಲ. ಪ್ರಾಣಿಶಾಸ್ತ್ರದವರನ್ನೂ ಎಲೆಕ್ಟ್ರಿಕಲ್‌ನವರನ್ನೂ ಸಾಕ್ಷಿಗಳಾಗಿ ಕರೆಯಿರಿ, ಪಾಟಿ ಸವಾಲು ಮಾಡಿ.

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್. ಡಾಕ್ಟರ್ ಬೇಡ, ಹವಾಮಾನ ಓದುತ್ತೇನೆ ಎಂದು ಹಟ. ಯಾವ ಡಿಗ್ರಿ? ಕೆಲಸ ಸಿಗುತ್ತದೆಯೇ?
(ತಾಯಿ, ಹಾಸನ)

ಉತ್ತರ: ಮೇಡಂ, ಈ ವಯಸ್ಸಿಗೆ ‘ಹವಾಮಾನ’ ಅಂತ ಹೆಸರಿರುವ ಡಿಗ್ರಿಯೇ ಬೇಕು ಅಂತ ಹುಡುಕಬೇಡಿ. ಮೊದಲು ಒಂದು ವಿಷಯ ಗಟ್ಟಿಯಾಗಿ ಓದಲಿ. ಲೆಕ್ಕ, ಭೌತಶಾಸ್ತ್ರ ಇಷ್ಟ ಇದ್ದರೆ ಬಿ.ಎಸ್ಸಿ ಇಲ್ಲವೇ ಎಂಜಿನಿಯರಿಂಗ್, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದಂಥ ಕಡೆ ಮುಂದುವರಿಯಬಹುದು. ಗಿಡಮರ, ಮಣ್ಣು ಇಷ್ಟ ಇದ್ದರೆ ಬಿ.ಎಸ್ಸಿ ಕೃಷಿ, ಇಲ್ಲವೇ ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜು. ಜನ, ದುಡ್ಡು, ಕಾನೂನು ಅಂದರೆ ಆಸಕ್ತಿ ಇದ್ದರೆ ಅದನ್ನೇ ಓದಲಿ, ಅದೂ ಹವಾಮಾನವೇ. ಜೊತೆಗೆ ಸಂಖ್ಯಾಶಾಸ್ತ್ರ ಮತ್ತು ಒಂದಿಷ್ಟು ಕಂಪ್ಯೂಟರ್ ಕೋಡಿಂಗ್ ಯಾವ ದಾರಿ ಹಿಡಿದರೂ ಬೇಕು.

ಕೆಲಸದ ಬಗ್ಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಸರ್ಕಾರಿ ಹುದ್ದೆ ಕಡಿಮೆ. ಬೆಳೆ ವಿಮೆ, ನೀರು, ನವೀಕರಿಸಬಹುದಾದ ಇಂಧನ, ಸಂಶೋಧನೆ, ಎನ್‌ಜಿಒ ಕಡೆ ಇದೆ. ಡಾಕ್ಟರಷ್ಟು ಸಂಬಳ ಬರುತ್ತದಾ ಅಂದರೆ ಇಲ್ಲ.

ಪ್ರಶ್ನೆ: ಎಸಿ ಹಾಲ್, ಫ್ಲೆಕ್ಸ್ ಬ್ಯಾನರ್, ಪ್ಲಾಸ್ಟಿಕ್ ಬಾಟಲಿ ನೀರು, ವಿಮಾನದಲ್ಲಿ ಬಂದ ಮುಖ್ಯ ಅತಿಥಿ. ಇದೇನಾ ನಿಮ್ಮ ಹವಾಮಾನ ಚಿಂತನೆ?
(ಕೋಪಗೊಂಡ ಓದುಗ, ಬೆಂಗಳೂರು)

ಉತ್ತರ: ಫ್ಲೆಕ್ಸ್ ತೆಗೆಸಿ, ಬಟ್ಟೆ ಬ್ಯಾನರ್ ಹಾಕಿಸಿ, ಚಿತ್ರಕಲಾ ವಿಭಾಗಕ್ಕೂ ಕೆಲಸ ಸಿಗುತ್ತದೆ. ನೀರಿಗೆ ಮಣ್ಣಿನ ಹೂಜಿ, ಸ್ಟೀಲ್ ಲೋಟ ಸಾಕು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬಾಟಲಿ ಬಗ್ಗೆ ಮಾತಾಡುವುದು ಸುಲಭ ಅಂತ ಎರಡು ದಿನ ಅದನ್ನೇ ಮಾತಾಡಿ ಮುಗಿಸಿದ ಸಭೆಗಳೂ ಇವೆ. ಅಂದಹಾಗೆ, ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಯುಜಿಸಿ 2003–04ರಲ್ಲಿ ಎಲ್ಲ ಪದವಿಗೂ ಪರಿಸರ ಅಧ್ಯಯನದ ಆರು ತಿಂಗಳ ಪಾಠ ಕಡ್ಡಾಯ ಮಾಡಿತು. ಹಿಂದಿನ ರಾತ್ರಿ ಗೈಡ್ ಓದಿ ಪಾಸಾಗುವ ಪೇಪರ್ ಯಾವುದು ಅಂತ ಯಾವ ಪದವಿ ಹುಡುಗನನ್ನು ಬೇಕಾದರೂ ಕೇಳಿ. ನನಗೆ ಬಾಟಲಿಗಿಂತ ಜಾಸ್ತಿ ಬೇಸರ ಅದು.

ಪ್ರಶ್ನೆ: ವರ್ಷಕ್ಕೊಂದು ತಂಡ ಬರುತ್ತದೆ. ಒಮ್ಮೆ ಭೂಗರ್ಭದವರು, ಒಮ್ಮೆ ಅರಣ್ಯದವರು, ಒಮ್ಮೆ ಸರ್ವೆ ಮಾಡುವ ಹುಡುಗರು. ಅದೇ ಪ್ರಶ್ನೆ, ಅದೇ ಫಾರ್ಮು. 2018ರ ಗುಡ್ಡ ಕುಸಿತ ಆದ ಮೇಲಂತೂ ಲೆಕ್ಕವೇ ಇಲ್ಲ. ಕಾಫಿ ಕುಡಿದು ಹೋದವರು ವಾಪಸ್ ಬಂದು ಏನು ಗೊತ್ತಾಯ್ತು ಅಂತ ಹೇಳಿದ್ದು ಕಾಣೆ. ನಾವ್ಯಾಕೆ ಉತ್ತರ ಕೊಡಬೇಕು?
(ಕಾಫಿ ಬೆಳೆಗಾರರು, ಕೊಡಗು)

ಉತ್ತರ: ಕೊಡಬೇಡಿ. ಪುಕ್ಕಟೆ ಕೊಡಬೇಡಿ ಅಂತ ಅರ್ಥ. ನಿಮ್ಮ ಹತ್ತಿರ ಅವರಿಗೆ ಬೇರೆಲ್ಲೂ ಸಿಗದ ಒಂದು ವಸ್ತು ಇದೆ, ತೋಟದ ಮಳೆ ಪುಸ್ತಕ. ಬೆಳಿಗ್ಗೆ ಗೇಜ್ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದು ನಿಮ್ಮ ಸೀಮೆಯ ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ನಡೆದು ಬಂದಿದೆ. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದೇ ಹೋಬಳಿಯಲ್ಲಿ ಆ ಗುಡ್ಡಕ್ಕೆ ಬಿದ್ದ ಮಳೆ ಈ ಗುಡ್ಡಕ್ಕೆ ಬೀಳುವುದಿಲ್ಲ ಅಂತ ನಿಮಗೆ ಗೊತ್ತು. ಊರ ಹೊರಗಿನ ಒಂದೇ ಮಳೆಮಾಪಕದಿಂದ ಅದು ಗೊತ್ತಾಗುವುದಿಲ್ಲ.

ಈಗ ಸರ್ಕಾರದ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಆದರೆ ಅದರ ಲೆಕ್ಕ ಈಚಿನದು. ನಿಮ್ಮ ಪುಸ್ತಕದ ಬೆಲೆ ಇರುವುದು ಹಳೇ ಪುಟಗಳಲ್ಲಿ. ಕಾಫಿ ಮೊಗ್ಗು ಬಿರಿಸುವ ಹೂ ಮಳೆ ಯಾವ ತಾರೀಖಿಗೆ ಬಂತು, ಎಷ್ಟು ಸೆಂಟ್, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾದಿರಿ, ಕೊಯ್ಲಿನಲ್ಲಿ ಕಣದ ಮೇಲೆ ಹರಡಿದ ಹಣ್ಣಿನ ಮೇಲೆ ಯಾವ ವರ್ಷ ಡಿಸೆಂಬರ್ ಮಳೆ ಹುಯ್ದಿತು. ಬರಿ ಮಿಲಿಮೀಟರ್ ನೋಡಿದವರಿಗೆ ಅರ್ಧ ಇಂಚು ಹೂ ಮಳೆ ಅಂದರೆ ಒಳ್ಳೇ ಸುದ್ದಿ. ಮೊಗ್ಗು ಅರೆಬರೆ ಬಿರಿದು ಕೂತರೆ ಏನಾಗುತ್ತದೆ ಅಂತ ನೀವೇ ಹೇಳಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರದ್ದು. ಅಲ್ಲಿಯವರಿಗೆ ಈ ಮಾತು ಅರ್ಥವಾಗುತ್ತದೆ, ಭೂಗರ್ಭದವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಹಾಗಾಗಿ ಮುಂದಿನ ತಂಡ ಬಂದಾಗ ಪುಸ್ತಕ ತೋರಿಸಿ, ಫೋಟೊ ತೆಗೆಯಲು ಬಿಡಬೇಡಿ. ಷರತ್ತು ಹೇಳಿ. ಒಂದೊಂದು ವಿಭಾಗ ಒಂದೊಂದು ವರ್ಷ ಬರುವುದು ಬೇಡ, ಒಟ್ಟಿಗೆ ಬನ್ನಿ. ಗುಡ್ಡ ಜಾರುವುದು ಮಳೆಯಿಂದ ಮಾತ್ರ ಅಲ್ಲ, ಇಳಿಜಾರನ್ನು ಎಲ್ಲಿ ಹೇಗೆ ಕಡಿದು ರಸ್ತೆ, ಮನೆ ಮಾಡಿದ್ದಾರೆ ಅನ್ನುವುದರಿಂದಲೂ ಹೌದು, ಆದ್ದರಿಂದ ಎಲ್ಲರೂ ಒಂದೇ ದಿನ ಒಂದೇ ಗುಡ್ಡ ಹತ್ತಲಿ. ವರದಿ ಮುಗಿದ ಮೇಲೆ ಕನ್ನಡದಲ್ಲಿ, ನಿಮ್ಮ ಪಂಚಾಯಿತಿ ಕಟ್ಟಡದಲ್ಲಿ ಕೂತು ಓದಿ ಹೇಳಬೇಕು. ಪುಸ್ತಕದಿಂದ ಲೆಕ್ಕ ತೆಗೆದುಕೊಂಡರೆ ತೋಟದ ಹೆಸರು ಹಾಕಬೇಕೋ ಬೇಡವೋ ಅನ್ನುವುದು ನಿಮ್ಮ ಇಷ್ಟ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ವಿಭಾಗದ ಮುಖ್ಯಸ್ಥರಿಂದ ಸಹಿ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಕಾಫಿ ಕೊಟ್ಟು ಕಳಿಸಿ.